ವಿದುರಾಶ್ವತ್ಥ: ಮಡಿದವರ ಲೆಕ್ಕ ಇಡುವವರು ಯಾರು?



ಜಲಿಯನ್‌ವಾಲಾ ಬಾಗ್ ಎಲ್ಲಿದೆ ಎಂದು ಕೇಳಿದರೆ ನೀವು ಥಟ್ಟನೆ ಅಮೃತಸರ ಎನ್ನುತ್ತೀರಿ. ವಿದುರಾಶ್ವತ್ಥ ಎಲ್ಲಿದೆ? ಬುಕ್ಕಾಪಟ್ಟಣದಿಂದ ಹೊರಟು ಶಿರಾ, ಮಧುಗಿರಿಗಳನ್ನು ದಾಟಿ ಪೂರ್ವಕ್ಕೆ ಸಾಗಿದರೆ ಗೌರಿಬಿದನೂರು ಸಿಗುತ್ತದೆ. ಅದರ ಸಮೀಪದಲ್ಲೇ, ಉತ್ತರ ಪಿನಾಕಿನಿಯ ದಡದಲ್ಲಿ ಈ ಕ್ಷೇತ್ರವಿದೆ. ಮನೆಯವರೊಡನೆ ನಾಗಪೂಜೆಗೆಂದು ನಿಮ್ಮಲ್ಲಿ ಕೆಲವರು ಅಲ್ಲಿಗೆ ಹೋಗಿರಬಹುದು. ಅದೇ ನೆಲದಲ್ಲಿ 1938ರ ಏಪ್ರಿಲ್ 25ರಂದು ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 'ದಕ್ಷಿಣದ ಜಲಿಯನ್‌ವಾಲಾ ಬಾಗ್' ಎಂದು ಈ ಘಟನೆಯನ್ನು ಕರೆಯುವುದುಂಟು. ಆದರೆ ಈ ಹೋಲಿಕೆಯಲ್ಲಿ ಒಂದು ಮುಖ್ಯ ವ್ಯತ್ಯಾಸ ಮರೆಯಾಗುತ್ತದೆ.

ಹಿನ್ನೆಲೆಯನ್ನು ನೆನಪಿಸಿಕೊಳ್ಳಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಒಡೆಯರ ಕೈಗೆ ಬಂದರೂ ಬ್ರಿಟಿಷರ ಹಿಡಿತದಲ್ಲೇ ಉಳಿಯಿತು. 1831ರಿಂದ 1881ರವರೆಗೆ ಅವರೇ ನೇರವಾಗಿ ಆಳಿದರು. ಅನಂತರ ಅರಸರಿಗೆ ರಾಜ್ಯ ಮರಳಿತು. ರೆಸಿಡೆಂಟನ ಕಣ್ಗಾವಲು ಮಾತ್ರ ತಪ್ಪಲಿಲ್ಲ. 1938ರ ಹೊತ್ತಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. 'ಮಾದರಿ ಮೈಸೂರು' ಎಂದು ಹೊರಗಿನವರೂ ಹೊಗಳುತ್ತಿದ್ದ ಕಾಲವದು. ಅದೇ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧವನ್ನು ಮೀರಿ ಕಾಂಗ್ರೆಸ್ ಧ್ವಜ ಹಾರಿತು. ಎರಡು ವಾರಗಳಲ್ಲಿ ಆ ಕಿಡಿ ವಿದುರಾಶ್ವತ್ಥವನ್ನು ತಲುಪಿತು. ಅಲ್ಲಿಯೂ ನಿಷೇಧಾಜ್ಞೆ ಇತ್ತು. ಅದನ್ನು ಲೆಕ್ಕಿಸದೆ ಜನ ಸೇರಿದರು. ಮುಂದಿನದು ನಿಮಗೆ ತಿಳಿದೇ ಇದೆ.

ಈಗ ವ್ಯತ್ಯಾಸಕ್ಕೆ ಬರೋಣ. ಅಮೃತಸರದಲ್ಲಿ ಗುಂಡು ಹಾರಿಸಲು ಆಜ್ಞೆಯಿತ್ತವನು ಬ್ರಿಟಿಷ್ ಸೇನಾಧಿಕಾರಿ ಡಯರ್. ಇಲ್ಲಿ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಹಾಗಾದರೆ ಇದು ವಸಾಹತುಶಾಹಿಯ ಕಥೆಯೇ ಅಲ್ಲವೆ? ಹೌದು, ಇದೂ ಅದರ ಕಥೆಯೇ. ಪರರ ಆಳ್ವಿಕೆ ಅಧಿಕಾರಿಗಳನ್ನು ಕಳಿಸಿ ಮಾತ್ರ ನಡೆಯುವುದಿಲ್ಲ. ಆಳುವ ರೀತಿಯನ್ನೂ ಕಲಿಸುತ್ತದೆ. ಜನ ಸೇರುವುದೇ ಅಪಾಯ, ಆಜ್ಞೆ ಮೀರಿದವರನ್ನು ಬಲದಿಂದ ಚದುರಿಸಬೇಕು ಎಂಬ ಎಣಿಕೆ ಆ ಪಾಠದ ಭಾಗ.

ಸತ್ತವರೆಷ್ಟು? ಸರ್ಕಾರ ಹತ್ತು ಎಂದಿತು. ಜನರ ನೆನಪಿನಲ್ಲಿ ಉಳಿದ ಸಂಖ್ಯೆ ಮೂವತ್ತಕ್ಕೂ ಹೆಚ್ಚು. ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯೂ ಬಂದಿತು. ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಮೈಸೂರಿಗೆ ಬಂದು ಮಾತುಕತೆ ನಡೆಸಿದ ಮೇಲೆ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜ ಹಾರಿಸಲು ಒಪ್ಪಿಗೆಯಾಯಿತು. ಧ್ವಜದ ಜಗಳ ತೀರಿತು, ಲೆಕ್ಕದ ಜಗಳ ತೀರಲಿಲ್ಲ.

ಇಂಥ ಲೆಕ್ಕದ ಜಗಳ ಬೇರೆಡೆಯೂ ಇದೆ. ಇಂಡೊನೇಷ್ಯದ ರಾವಾಗೆಡೆ ಎಂಬ ಹಳ್ಳಿಯಲ್ಲಿ 1947ರ ಡಿಸೆಂಬರ್ 9ರಂದು ಡಚ್ ಸೈನಿಕರು ಗಂಡಸರನ್ನು ಗುಂಡಿಟ್ಟು ಕೊಂದರು. ಡಚ್ಚರ ಲೆಕ್ಕ 150, ಊರಿನವರ ಲೆಕ್ಕ 431. ಕೊಲೆಯಾದವರ ವಿಧವೆಯರು ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ಹೇಗ್ ನಗರದ ನ್ಯಾಯಾಲಯ ಡಚ್ ಸರ್ಕಾರವೇ ಹೊಣೆ ಎಂದು ತೀರ್ಪಿತ್ತಿತು. ಅದೇ ವರ್ಷ ಡಚ್ ರಾಯಭಾರಿ ಆ ಹಳ್ಳಿಗೆ ಹೋಗಿ ಕ್ಷಮೆ ಕೇಳಿದರು. ಅರವತ್ತು ವರ್ಷ ದಾಟಿದ ಮೇಲೂ ಸತ್ತವರ ಪರವಾಗಿ ಲೆಕ್ಕ ಕೇಳಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮಲ್ಲಿ ಉಳಿದಿರುವ ಲೆಕ್ಕ ಇನ್ನೊಂದು ಬಗೆಯದು. ಬ್ರಿಟಿಷ್ ಭಾರತದ 1898ರ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ ಜನ ಸೇರುವುದನ್ನು ತಡೆಯುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ನೀಡಿತ್ತು. ಸ್ವತಂತ್ರ ಭಾರತದ 1973ರ ಸಂಹಿತೆಯಲ್ಲಿಯೂ ಅದು ಅದೇ ಸಂಖ್ಯೆಯಲ್ಲಿ ಮುಂದುವರಿಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163ನೇ ಕಲಂ. ಗಲಭೆ ತಡೆಯಲು ಇಂಥ ಅಧಿಕಾರ ಬೇಕಾಗಬಹುದು, ನಿಜ. ಆದರೆ ಶಾಂತಿಯಿಂದ, ಆಯುಧವಿಲ್ಲದೆ ಸೇರುವುದು ನಮ್ಮ ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 20ನೇ ವಿಧಿಯೂ ಶಾಂತಿಯುತವಾಗಿ ಸೇರುವ ಹಕ್ಕನ್ನು ಸಾರುತ್ತದೆ. ನ್ಯಾಯಸಮ್ಮತ ಅಭಿಪ್ರಾಯವನ್ನು ಅಡಗಿಸಲು 144ನೇ ಕಲಮನ್ನು ಬಳಸಬಾರದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ವಿದುರಾಶ್ವತ್ಥದಲ್ಲಿ ನೆರೆದವರಿಗೆ ಹೀಗೆ ಮೊರೆಯಿಡಲು ಸಂವಿಧಾನವಿರಲಿಲ್ಲ. ನಿಮಗಿದೆ.

ಕ್ಷೇತ್ರಕ್ಕೆ ಹೆಸರು ತಂದ ಹಳೆಯ ಅಶ್ವತ್ಥವೃಕ್ಷ 2001ರಲ್ಲಿ ಉರುಳಿತು. ಅಂದು ಕಣ್ಣಾರೆ ಕಂಡವರೂ ಇಲ್ಲವಾಗುತ್ತಿದ್ದಾರೆ. ಹಾಗಾಗಿ ಈ ಕೆಲಸ ನಿಮ್ಮದು. ಅಲ್ಲಿಗೆ ಹೋದಾಗ ಹುತಾತ್ಮರ ಸ್ಮಾರಕದ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಹಿರಿಯರನ್ನು ಕೇಳಿ, ಅವರು ತಮ್ಮ ತಂದೆತಾಯಿಯರಿಂದ ಕೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿ. ಎಲ್ಲಿ ಗುಂಡು ಹಾರಿದ ಸುದ್ದಿ ಓದಿದರೂ ಮೂರು ಪ್ರಶ್ನೆ ಕೇಳುವ ಅಭ್ಯಾಸವಿರಲಿ: ಆಜ್ಞೆ ಯಾರದು? ಯಾವ ಕಾನೂನಿನಂತೆ? ಸತ್ತವರನ್ನು ಎಣಿಸಿದವರು ಯಾರು?