ಕಾರ್ಕಸೋನಿನ ಕೋಟೆ

ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ, ಓದ್ ಎಂಬ ನದಿಯ ಎರಡು ದಡಗಳಲ್ಲಿಯೂ ಹಬ್ಬಿರುವ ಊರು ಕಾರ್ಕಸೋನ್. ಎಡದಂಡೆಯಲ್ಲಿ ಪೇಟೆ, ಬಲದಂಡೆಯ ದಿಬ್ಬದ ಮೇಲೆ ಕೋಟೆ. ಈ ಕೋಟೆಗೆ ಎರಡು ಸುತ್ತು, 52 ಬುರುಜುಗಳು. ಎರಡು ಗೋಡೆಗಳ ಉದ್ದವನ್ನು ಕೂಡಿಸಿದರೆ ಸುಮಾರು ಮೂರು ಕಿಲೋಮೀಟರು. ಇದನ್ನು ಬಂಡಿ ವಾಹನಗಳಲ್ಲಿ ಕುಳಿತು ನೋಡಲಾಗದು, ಕಾಲ್ನಡಿಗೆಯಿಂದಲೇ ನೋಡಬೇಕು. ಏಕೆಂದರೆ ಇಲ್ಲಿಯ ಚರಿತ್ರೆ ಕಲ್ಲಿನ ವರಸೆಗಳಲ್ಲಿದೆ.

ಹದಿನಾಲ್ಕನೆಯ ಶತಮಾನದ ಹಳೆಯ ಸೇತುವೆಯನ್ನು ದಾಟಿ, ದಿಬ್ಬವನ್ನು ಬಳಸಿ ಪೂರ್ವಕ್ಕೆ ಹೋದರೆ ನಾರ್ಬೊನೇಸ್ ಎಂಬ ಹೆಬ್ಬಾಗಿಲು. ಅದರ ಎರಡು ಪಕ್ಕಗಳಲ್ಲಿ ಅವಳಿ ಬುರುಜುಗಳು ನಿಂತಿವೆ. ಅಲ್ಲಿಂದ ಎರಡು ಗೋಡೆಗಳ ನಡುವಿನ ಬಯಲಿನಲ್ಲಿ ಮೆಲ್ಲನೆ ನಡೆಯೋಣ. ಒಳಗೋಡೆಯಲ್ಲಿ ಕೆಲವೆಡೆ ಚಿಕ್ಕ ಚಿಕ್ಕ ಕಲ್ಲುಗಳ ನಡುವೆ ಕೆಂಪು ಇಟ್ಟಿಗೆಯ ಪಟ್ಟಿಗಳು ಕಾಣುತ್ತವೆ. ಅಲ್ಲಿಯ ಬುರುಜುಗಳು ಹೊರಕ್ಕೆ ದುಂಡು, ಒಳಕ್ಕೆ ಚಪ್ಪಟೆ. ಅದು ರೋಮನ್ನರ ಕಾಲದ ಕೊನೆಯ ಭಾಗದ ಕೆಲಸ. ಇನ್ನು ಕೆಲವೆಡೆ ದಪ್ಪನೆಯ ಕಲ್ಲುಗಳ ಮುಖ ಉಬ್ಬಿಕೊಂಡಿದೆ. ಅದು ಹದಿಮೂರನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ದೊರೆಗಳು ಮಾಡಿಸಿದ್ದು. ಹೊರಗೋಡೆಯೂ ಅದೇ ಶತಮಾನದ್ದು. ಒಂದೇ ಗೋಡೆಯಲ್ಲಿ ಸಾವಿರ ವರ್ಷಗಳ ಅಂತರ ಒಂದು ಮೊಳದೊಳಗೆ ಅಡಗಿರುವುದುಂಟು.

ಒಳಗೆ ಅರಮನೆ. ಅದನ್ನು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದವರು ತ್ರಾಂಕಾವೆಲ್ ವಂಶದವರು. ಅವರ ನಾಡಿನಲ್ಲಿ ಕಥಾರರೆಂಬ ಭಿನ್ನಮತೀಯರು ನೆಮ್ಮದಿಯಿಂದ ಬದುಕಿದ್ದರು. ಅವರನ್ನು ಅಡಗಿಸಲು ಪೋಪನ ಕರೆಯಂತೆ ಉತ್ತರದಿಂದ ದಂಡು ಬಂತು. 1209ರ ಆಗಸ್ಟ್ ತಿಂಗಳಲ್ಲಿ ಕೋಟೆಗೆ ಮುತ್ತಿಗೆ ಬಿತ್ತು. ಒಳಗೆ ನೀರು ಸಾಲದಾಯಿತು. ಸಂಧಿ ಮಾತನಾಡಲು ಹೊರಬಂದ ರೇಮಂಡ್ ರೋಜರ್ ಸೆರೆಯಾದನು. ಪ್ರಾಣ ಉಳಿಸಿಕೊಂಡ ಜನರು ಮೈಮೇಲಿನ ಬಟ್ಟೆಯೊಂದನ್ನುಳಿದು ಸರ್ವಸ್ವವನ್ನೂ ಬಿಟ್ಟು ಹೋಗಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ, ಇಪ್ಪತ್ತನಾಲ್ಕರ ಹರೆಯದ ಆ ದೊರೆ ಸೆರೆಯಲ್ಲಿಯೇ ತೀರಿಕೊಂಡನು. 1240ರಲ್ಲಿ ಅವನ ಮಗ ಕೋಟೆಯನ್ನು ಮರಳಿ ಪಡೆಯಲು ಹೋರಾಡಿ ಸೋತನು. ಅವನಿಗೆ ನೆರವಾದ ಹೊರಕೇರಿಗಳು ನೆಲಸಮವಾದವು. ಕೆಲವು ವರ್ಷಗಳ ಮೇಲೆ ಒಂಬತ್ತನೆಯ ಲೂಯಿ ದೊರೆ ಆ ಜನಕ್ಕೆ ನದಿಯ ಆಚೆ ನೆಲೆಸಲು ಅಪ್ಪಣೆಯಿತ್ತನು. ಚದುರಂಗದ ಮಣೆಯಂತೆ ನೇರ ಬೀದಿಗಳುಳ್ಳ ಇಂದಿನ ಪೇಟೆ ಹುಟ್ಟಿದ್ದು ಹಾಗೆ.

1659ರಲ್ಲಿ ಸ್ಪೇನಿನೊಡನೆ ಒಪ್ಪಂದವಾಗಿ ಗಡಿ ದಕ್ಷಿಣಕ್ಕೆ ಸರಿಯಿತು, ಕೋಟೆಗೆ ಕೆಲಸವಿಲ್ಲದಾಯಿತು. ಗೋಡೆಗಳ ನಡುವಿನ ಬಯಲಿನಲ್ಲಿ ಬಡವರು ಮನೆ ಕಟ್ಟಿಕೊಂಡರು, ಕಲ್ಲು ಕಿತ್ತು ಮಾರುವವರೂ ಹೆಚ್ಚಿದರು. 1850ರ ಸುಮಾರಿಗೆ ಸರ್ಕಾರವೇ ಇದನ್ನು ಕೈಬಿಡಲು ಹೊರಟಾಗ, ಅದೇ ಊರಿನ ವಿದ್ವಾಂಸ ಕ್ರೋ-ಮೇರ್‌ವಿಯೆ, ಸಾಹಿತಿ ಮೆರಿಮೆ ಮುಂತಾದವರು ಅಡ್ಡ ನಿಂತರು. 1853ರಲ್ಲಿ ವ್ಯೊಲೇ-ಲ-ದ್ಯುಕ್ ಎಂಬ ಶಿಲ್ಪಿ ಜೀರ್ಣೋದ್ಧಾರವನ್ನು ಆರಂಭಿಸಿದನು. 1879ರಲ್ಲಿ ಅವನು ತೀರಿಕೊಂಡ ಮೇಲೂ ಕೆಲಸ ಇಪ್ಪತ್ತನೆಯ ಶತಮಾನದವರೆಗೆ ನಡೆಯಿತು. ಬಡವರ ಮನೆಗಳನ್ನು ತೆಗೆಸಿದರು. ಬಿದ್ದ ತೆನೆಗಳನ್ನು ಕಟ್ಟಿದರು. ಬುರುಜುಗಳಿಗೆ ಉತ್ತರ ದೇಶದ ರೀತಿಯ ಚೂಪಾದ ಸ್ಲೇಟುಕಲ್ಲಿನ ಮಾಡುಗಳನ್ನಿಟ್ಟರು. ದಕ್ಷಿಣದ ಕೋಟೆಗೆ ಉತ್ತರದ ಟೋಪಿ ಏಕೆಂದು ಪಂಡಿತರು ಆಕ್ಷೇಪಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ರೋಮನ್ ಬುರುಜುಗಳ ಮೇಲೆ ಸ್ಲೇಟನ್ನು ತೆಗೆದು ಹೆಂಚು ಹೊದಿಸಿದರು.

ಓಲೆಗರಿಯ ಗ್ರಂಥವನ್ನು ಪರಿಷ್ಕರಿಸುವವರಿಗೂ ಇದೇ ಇಕ್ಕಟ್ಟು. ಹುಳು ತಿಂದ ಅಕ್ಷರವನ್ನು ಊಹಿಸಿ ತುಂಬದಿದ್ದರೆ ಪದ್ಯ ಓದಲು ಬಾರದು. ತುಂಬಿದರೆ ಕವಿಯದಲ್ಲದ ಮಾತು ಸೇರುತ್ತದೆ. ಅದಕ್ಕಾಗಿಯೇ ಸಂಪಾದಕರು ತಾವು ಸೇರಿಸಿದ್ದನ್ನು ಕಂಸದೊಳಗಿಡುತ್ತಾರೆ. ವ್ಯೊಲೇ-ಲ-ದ್ಯುಕ್ ಕಂಸ ಹಾಕಲಿಲ್ಲ. ಆತನ ತಪ್ಪೆಂದರೆ ಅದು. ಆದರೆ ಆತನಿಲ್ಲದಿದ್ದರೆ ಓಲೆಯ ಕಟ್ಟೇ ಒಲೆಗೆ ಹೋಗುತ್ತಿತ್ತು.

ಕೋಟೆಯೊಳಗಿನ ಸೇಂಟ್ ನಾಜೇರ್ ದೇವಾಲಯದಲ್ಲಿ ನಡಿಗೆಯನ್ನು ಮುಗಿಸೋಣ. ಅದರ ನಡುವಣ ಅಂಕಣ ರೋಮನೆಸ್ಕ್ ಶೈಲಿಯದು. ದಪ್ಪ ಕಂಬ, ಮಬ್ಬು ಬೆಳಕು. ಮುಂದೆ ಗರ್ಭಗೃಹದ ಭಾಗ ಗಾಥಿಕ್ ಶೈಲಿಯದು. ತೆಳುಗಂಬ, ಬಣ್ಣದ ಗಾಜಿನ ಎತ್ತರದ ಕಿಟಕಿ. 1269ರ ಅನಂತರ ಹೊಸದನ್ನು ಕಟ್ಟಿದವರು ಹಳೆಯ ನಡು ಅಂಕಣವನ್ನು ಕೆಡವಲಿಲ್ಲ, ತಮ್ಮದನ್ನು ಹಳೆಯದೆಂದು ತೋರಿಸಲೂ ಇಲ್ಲ. ಬೆಸುಗೆ ಎಲ್ಲಿದೆಯೆಂಬುದು ಎಂಥವನ ಕಣ್ಣಿಗೂ ಬೀಳುತ್ತದೆ. 1997ರಲ್ಲಿ ಯುನೆಸ್ಕೋ ಸಂಸ್ಥೆ ಕಾರ್ಕಸೋನಿನ ಕೋಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವದಲ್ಲಿ ಮೂಲ ಶಿಲ್ಪಿಗಳಂತೆ ಜೀರ್ಣೋದ್ಧಾರಕನಿಗೂ ಪಾಲುಂಟು. ಯಾವುದು ಯಾರದೆಂದು ವಿವೇಚಿಸಿ ತಿಳಿಯುವ ಹೊಣೆ ಮಾತ್ರ ನೋಡುವವನದು.