ಸೆಟ್ಟಿ, ಸಾಹುಕಾರ, ಗಣಿಧಣಿ

ಮೈಸೂರಿನ ಕುಂಬಾರಕೊಪ್ಪಲಿನಂಥ ಕೊಪ್ಪಲುಗಳಲ್ಲಿ 'ಯಜಮಾನ್ರು' ಅಂದ್ರೆ ಊರ ನ್ಯಾಯಕ್ಕೆ ಕೂರೋ ಹಿರಿಯರು. ಜೇಬಿನಲ್ಲಿ ಕೋಟಿ ಇರಬೇಕಿಲ್ಲ. ಸಂಸ್ಕೃತದಲ್ಲಾದರೆ ಯಜ್ಞದ ಖರ್ಚು ಹೊತ್ತವನೇ ಯಜಮಾನ.

ದುಡ್ಡಿದ್ದೋರಿಗೆ ಕನ್ನಡ ಕೊಟ್ಟ ಹೆಸರುಗಳನ್ನ ನೋಡಿ. 'ಶ್ರೇಷ್ಠಿ' ಸವೆದು 'ಸೆಟ್ಟಿ' ಆಯ್ತು. 'ಸಾಹುಕಾರ' ಪದದೊಳಗೆ ಒಬ್ಬ 'ಸಾಧು' ಕೂತಿದ್ದಾನೆ. ಬಡ್ಡಿ ಕಟ್ಟಿದವರು ನಂಬಲಿಕ್ಕಿಲ್ಲ ಬಿಡಿ! ಶಾಸನಗಳಲ್ಲಿ ದೊಡ್ಡ ವ್ಯಾಪಾರಿ 'ವಡ್ಡವ್ಯವಹಾರಿ', ಪೇಟೆಯ ವರ್ತಕರ ಮುಖಂಡ 'ಪಟ್ಟಣಸ್ವಾಮಿ'. ಹುಂಚದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ 1062ರ ಹೊತ್ತಿಗೆ ಬಸದಿ ಕಟ್ಟಿಸಿದ, ಕೆರೆ ಕಟ್ಟಿಸಿದ. ಹೆಸರು ಇವತ್ತಿಗೂ ಕಲ್ಲಿನ ಮೇಲಿದೆ.

ಇನ್ನು 'ಧಣಿ'. ಕರಾವಳಿಯಲ್ಲಿ ಒಕ್ಕಲು ತನ್ನ ಭೂಮಾಲೀಕನನ್ನು ಕೈಕಟ್ಟಿ ನಿಂತು ಕರೆಯುತ್ತಿದ್ದ ಪದ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಧಣಿ ಹೋದ ಅಂದುಕೊಂಡ್ರೆ, ಮೂರು ದಶಕದಲ್ಲಿ ಬಳ್ಳಾರಿ ಕಡೆಯಿಂದ 'ಗಣಿಧಣಿ'ಯಾಗಿ ವಾಪಸ್ ಬಂದ. ಪ್ರಾಸ ಜೋರಾಗಿದೆ, ನಾಲ್ಕೇ ಅಕ್ಷರ, ಟಿವಿ ಪರದೆಯ ಕೆಳಗಿನ ಪಟ್ಟಿಗೆ ಹೇಳಿ ಮಾಡಿಸಿದಂತಿದೆ. ಆದ್ರೆ ಒಂದು ಲೆಕ್ಕ ಕೇಳ್ತೀನಿ: ಸರ್ಕಾರದಿಂದ ಗುತ್ತಿಗೆ ಪಡೆದು ಅದಿರು ಅಗೆಯುವವನು ಕಾಗದದ ಮೇಲೆ ಗೇಣಿದಾರ ತಾನೇ? ಅವನು ಧಣಿಯಾದರೆ ನಾಡಿನ ಜನ ಯಾರ ಒಕ್ಕಲು?

2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ವರದಿ, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16,000 ಕೋಟಿ ರೂಪಾಯಿಗೂ ಮೀರಿದ ನಷ್ಟ ಎಂದಿತು. ಆಮೇಲೂ ಸುದ್ದಿಯಲ್ಲಿ 'ಗಣಿಧಣಿ' ಪದವೇ ಉಳಿಯಿತು.