ಉಗುರಿದ್ದ ಸಲಮಾಂಡರ್

ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಒಂದು ಗಾಜಿನ ಭರಣಿ ಇತ್ತು. ಹಳದಿಗಟ್ಟಿದ ಫಾರ್ಮಾಲಿನ್ನಿನಲ್ಲಿ ಗೇಣಿಗೂ ಕಡಿಮೆ ಉದ್ದದ ಒಂದು ಪ್ರಾಣಿ; ಹೊರಗೆ ‘ಸಲಮಾಂಡರ್’ ಎಂಬ ಚೀಟಿ. ನಾನು ಬಿ.ಎ., ಬಿ.ಎಡ್. ಮಾಡಿದವಳು, ನನ್ನ ಪಾಠ ಇತಿಹಾಸ. ಆದರೂ ವಿಜ್ಞಾನದ ಮೇಷ್ಟ್ರು ರಜೆ ಹಾಕಿದ ದಿನ ಅವರ ತರಗತಿ ನನ್ನ ಪಾಲಿಗೆ ಬರುತ್ತಿತ್ತು. ಅಂಥ ಒಂದು ದಿನ ಭರಣಿಯನ್ನು ಮೇಜಿನ ಮೇಲಿಟ್ಟು, “ಇದು ಕಪ್ಪೆಯ ಬಳಗದ್ದು, ನೀರಿನಲ್ಲೂ ನೆಲದಲ್ಲೂ ಬಾಳುತ್ತದೆ” ಎಂದು ಪುಸ್ತಕದಲ್ಲಿದ್ದದ್ದನ್ನು ಒಪ್ಪಿಸಿದೆ. ಮುಂದಿನ ಬೆಂಚಿನಲ್ಲಿ ಕಿವಿ ಕೇಳದ ಹುಡುಗನೊಬ್ಬ ಕೂರುತ್ತಿದ್ದ. ಅವನು ಎದ್ದು ಬಂದು ಭರಣಿಗೆ ಮೂಗು ತಾಗಿಸಿ ನೋಡಿದ. ಆಮೇಲೆ ಕಪ್ಪುಹಲಗೆಯ ಮೂಲೆಯಲ್ಲಿ ಬರೆದ: “ಅಕ್ಕೋರೆ, ಇದಕ್ಕೆ ಉಗುರು ಇದೆ.” ನಾನು ಬೆರಳು ಅಲ್ಲಾಡಿಸಿ ಅವನನ್ನು ಕೂರಿಸಿದೆ. ಬರೆದದ್ದನ್ನು ಅಳಿಸಿಯೂ ಬಿಟ್ಟೆ.

ಅವನು ಹೇಳಿದ್ದೇ ಸರಿ. ಸಲಮಾಂಡರ್‌ಗಳಿಗೆ ಹಲ್ಲಿಯ ಮೈಕಟ್ಟಿದ್ದರೂ ಚರ್ಮ ಕಪ್ಪೆಯದು. ಹುರುಪೆ ಯಾವುದಕ್ಕೂ ಇಲ್ಲ. ಕೆಲವೇ ಬಗೆಗಳಲ್ಲಿ ಬೆರಳ ತುದಿ ಉಗುರಿನಂತೆ ಗಟ್ಟಿಯಾಗುವುದುಂಟು. ಮಿಕ್ಕವುಗಳ ಬೆರಳು ಬೋಳು. ನಮ್ಮ ಭರಣಿಯಲ್ಲಿದ್ದದ್ದು ತೋಟದ ಹಾವುರಾಣಿ! ಕರ್ನಾಟಕದ ಕಾಡಿನಲ್ಲಿ ಸಲಮಾಂಡರ್ ಇಲ್ಲವೇ ಇಲ್ಲ. ಅದನ್ನು ನೋಡಬೇಕಾದರೆ ಡಾರ್ಜಿಲಿಂಗ್ ಕಡೆಗೆ ಹೋಗಬೇಕು. ಅಲ್ಲಿಯದಕ್ಕಾದರೂ ಚೀಟಿ ಸರಿಯಾಗಿತ್ತೇ? 1871ರಲ್ಲಿ ಜಾನ್ ಆ್ಯಂಡರ್ಸನ್ ಚೀನಾದ ಯುನ್ನಾನಿನ ಪ್ರಾಣಿಗೆ ಇಟ್ಟ ಹೆಸರಿನಲ್ಲೇ ಅದನ್ನೂ ಕರೆಯುತ್ತಿದ್ದರು. ಹಿಮಾಲಯದ್ದು ಬೇರೆಯೇ ಎಂದು ಅದಕ್ಕೆ ಸ್ವಂತ ಹೆಸರು ಸಿಕ್ಕಿದ್ದು 2015ರಲ್ಲಿ.

ರಜೆ ಮುಗಿಸಿ ಬಂದ ಮೇಷ್ಟ್ರು ಭರಣಿ ನೋಡಿ ನಕ್ಕರು. ಅಷ್ಟರಲ್ಲಿ ಹುಡುಗನನ್ನು ಅವನ ಅಪ್ಪ ಪೇಟೆಯ ಕಿವುಡರ ಶಾಲೆಗೆ ಸೇರಿಸಿಯಾಗಿತ್ತು. ನಾನು ಮಾತ್ರ ಅಂದಿನಿಂದ ಸಲಮಾಂಡರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದುತ್ತ ಹೋದಾಗ ಎದುರಾದವರು ಜರ್ಮನಿಯ ಮಾಗ್ಡೆಬುರ್ಗ್ ಊರಿನ ವಸ್ತುಸಂಗ್ರಹಾಲಯದ ಪಾಲಕ ವಿಲ್ಲಿ ವೋಲ್ಟರ್ಸ್‌ಟೋರ್ಫ್. 1864ರಲ್ಲಿ ಹುಟ್ಟಿದ ಇವರಿಗೂ ಚಿಕ್ಕಂದಿನಿಂದ ಕಿವಿ ಕೇಳುತ್ತಿರಲಿಲ್ಲ.

ಮಳೆಗಾಲದ ರಾತ್ರಿ ಕಪ್ಪೆಗಳನ್ನು ನಾವು ಕಿವಿಯಿಂದಲೇ ಬೇರ್ಪಡಿಸುತ್ತೇವೆ. ನೀರಿಗಿಳಿದು ಮೊಟ್ಟೆಯಿಡುವ ಸಲಮಾಂಡರ್‌ಗಳಾದ ನ್ಯೂಟ್‌ಗಳು ಹಾಗೆ ವಟಗುಟ್ಟುವುದಿಲ್ಲ. ಅವನ್ನು ಕಣ್ಣಿಂದಲೇ ಗುರುತಿಸಬೇಕು. ವೋಲ್ಟರ್ಸ್‌ಟೋರ್ಫ್ ಆರಿಸಿಕೊಂಡದ್ದು ಈ ನ್ಯೂಟ್‌ಗಳನ್ನೇ. ಆ ಕಾಲದ ಜರ್ಮನಿಯಲ್ಲಿ ಮನೆಯೊಳಗೆ ಗಾಜಿನ ತೊಟ್ಟಿಯಿಟ್ಟು ಮೀನು, ನ್ಯೂಟ್ ಸಾಕುವ ಹವ್ಯಾಸ ಜೋರಾಗಿತ್ತು. ಅದಕ್ಕೆಂದೇ ಸಂಘಗಳಿದ್ದವು, ಪತ್ರಿಕೆಗಳಿದ್ದವು. ಅಂಥ ಒಂದು ಪತ್ರಿಕೆಗೆ ಇವರೇ ವರ್ಷಗಟ್ಟಲೆ ಸಂಪಾದಕರಾಗಿದ್ದರು.

ಇವರು ಬಿಡಿಸಿದ ಒಂದು ಒಗಟನ್ನು ಹೇಳಲೇಬೇಕು. 1862ರಲ್ಲಿ ಫ್ರಾನ್ಸಿನ ನಾಂತ್ ಊರಿನ ಬಳಿ ಸಿಕ್ಕ ಅಪರೂಪದ ನ್ಯೂಟ್ ಒಂದಕ್ಕೆ ಆರ್ಥರ್ ದ ಲಿಲ್ ಎಂಬವರು ‘ಟ್ರೈಟನ್ ಬ್ಲಾಸಿ’ ಎಂದು ಹೆಸರಿಟ್ಟರು. ಆ ಸೀಮೆಯ ಕೊಳಗಳಲ್ಲಿ ಎರಡು ದೊಡ್ಡ ನ್ಯೂಟ್‌ಗಳಿವೆ. ಒಂದರ ಬೆನ್ನು ಕಪ್ಪುಗಂದು, ಹೊಟ್ಟೆ ಕಿತ್ತಳೆ. ಬೆದೆಯ ಕಾಲದಲ್ಲಿ ಗಂಡಿನ ಬೆನ್ನ ಮೇಲೆ ಗರಗಸದ ಹಲ್ಲಿನಂಥ ಜುಟ್ಟು ಏಳುತ್ತದೆ. ಇನ್ನೊಂದು ಹಸಿರು ಕಪ್ಪು ಬೆರೆತ ಅಮೃತಶಿಲೆಯಂಥದ್ದು. ಬ್ಲಾಸಿ ಇವೆರಡರ ನಡುವಿನದು: ಬೆನ್ನಿನಲ್ಲಿ ಇದರ ಹಸಿರು, ಹೊಟ್ಟೆಯಲ್ಲಿ ಅದರ ಕಿತ್ತಳೆ. ಇದು ಬೇರೆ ಜಾತಿಯಲ್ಲ, ಬೆರಕೆ ಎಂದು ಕೆಲವರು ಗುಮಾನಿಪಟ್ಟರು. ಗುಮಾನಿಯಿಂದ ಪಟ್ಟಿಯಲ್ಲಿರುವ ಹೆಸರನ್ನು ಹೊಡೆದುಹಾಕಲು ಬರುವುದಿಲ್ಲ. ವೋಲ್ಟರ್ಸ್‌ಟೋರ್ಫ್ ಎರಡು ಜಾತಿಗಳನ್ನೂ ತೊಟ್ಟಿಯಲ್ಲಿ ಸಾಕಿ ಕೂಡಿಸಿದರು.

ಕೇಳಲು ಸುಲಭ, ಮಾಡಲು ಅಲ್ಲ. ಹೆಣ್ಣು ನ್ಯೂಟ್ ಒಂದೊಂದೇ ಮೊಟ್ಟೆಯಿಟ್ಟು ಒಂದೊಂದನ್ನೂ ನೀರುಗಿಡದ ಎಲೆಯಲ್ಲಿ ಮಡಚುತ್ತದೆ, ನಾವು ವೀಳ್ಯ ಮಡಚಿದ ಹಾಗೆ. ಈ ಎರಡು ಜಾತಿಗಳಲ್ಲೂ ಭ್ರೂಣಗಳಲ್ಲಿ ಅರ್ಧದಷ್ಟು ಮೊಟ್ಟೆಯೊಳಗೇ ಸಾಯುತ್ತವೆ. ಒಂದನೆಯ ವರ್ಣತಂತುವಿಗೆ ಎರಡು ರೂಪಗಳಿದ್ದು, ಎರಡನ್ನೂ ಒಂದೊಂದು ಪಡೆದ ಮರಿ ಮಾತ್ರ ಬದುಕುತ್ತದೆ ಎಂಬ ಕಾರಣ ಗೊತ್ತಾದದ್ದು ಬಹಳ ತಡವಾಗಿ. ಮೊದಮೊದಲು ಸಾಕಿದ ಎಷ್ಟು ಜನ ತಮ್ಮ ತೊಟ್ಟಿಯ ನೀರೇ ಕೆಟ್ಟಿತೆಂದು ಕೊರಗಿರಬೇಡ! ಬದುಕಿದ ಮರಿ ಪ್ರಾಯಕ್ಕೆ ಬರಲು ಮತ್ತೆರಡು ಮೂರು ವರ್ಷ. ಅಂತೂ ಅವರ ತೊಟ್ಟಿಯಲ್ಲಿ ಬೆಳೆದ ಬೆರಕೆ ಮರಿಗಳಲ್ಲಿ ಬ್ಲಾಸಿಯ ರೂಪವೇ ಮೂಡಿತು. ಬ್ಲಾಸಿ ಬೆರಕೆಯೆಂದು 1903ರಲ್ಲಿ ಅವರು ಬರೆದರು. ಒಂದು ಅಪರೂಪದ ಜಾತಿ ಹೀಗೆ ಪಟ್ಟಿಯಿಂದ ಹೋಯಿತು. ಪಶ್ಚಿಮ ಫ್ರಾನ್ಸಿನ ಇವೆರಡೂ ಜಾತಿಗಳಿರುವ ಕೊಳಗಳ ಬಗ್ಗೆ 1991ರಲ್ಲಿ ಪ್ರಕಟವಾದ ಅಧ್ಯಯನದಂತೆ ಪ್ರಾಯದ ನ್ಯೂಟ್‌ಗಳಲ್ಲಿ ಇಂಥ ಬೆರಕೆಯವು ನೂರಕ್ಕೆ ಸುಮಾರು 4.

ನಾಂತ್‌ನವರು ಮೋಸಹೋದರು ಎಂದು ನಾನು ಹೇಳಲಾರೆ. ಅವರು ಕಂಡದ್ದನ್ನು ಕಂಡ ಹಾಗೇ ಬರೆದಿದ್ದರು. ಕೈಯಲ್ಲಿರುವ ಪ್ರಾಣಿಯ ಅಪ್ಪ ಅಮ್ಮ ಯಾರೆಂದು ಅದರ ಮೈ ನೋಡಿ ಹೇಳಲು ಯಾರಿಗಾದರೂ ಹೇಗೆ ಸಾಧ್ಯ? ಭರಣಿಯನ್ನು ನೋಡದೆ ಚೀಟಿಯನ್ನು ಓದಿದವಳು ನಾನು. ಅದು ಬೇರೆ ತಪ್ಪು.

1905ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಬೂಲಾಂಜೆ ಅವರು ಯುನ್ನಾನಿನ ಕುನ್ಮಿಂಗ್ ಸರೋವರದ ನ್ಯೂಟ್ ಒಂದಕ್ಕೆ ವೋಲ್ಟರ್ಸ್‌ಟೋರ್ಫರ ಹೆಸರನ್ನೇ ಇಟ್ಟರು. ಆ ನೀರಿನಲ್ಲಿ ಆಗ ಅದು ಧಾರಾಳವಾಗಿತ್ತು. ಮುಂದೆ ಸರೋವರದ ಅಂಚನ್ನು ಹೂಳಿ ನೆಲ ಮಾಡಿಕೊಂಡರು, ಕೊಳಚೆ ಹರಿಯಿತು, ಹೊರಗಿನ ಮೀನುಗಳನ್ನು ತಂದು ಬಿಟ್ಟರು. 1979ರ ಬಳಿಕ ಆ ನ್ಯೂಟ್ ಯಾರ ಕಣ್ಣಿಗೂ ಬೀಳಲಿಲ್ಲ. 2004ರಲ್ಲಿ ಅಳಿದುಹೋಯಿತೆಂದು ಘೋಷಿಸಿದರು. ವೋಲ್ಟರ್ಸ್‌ಟೋರ್ಫ್ ಇದನ್ನು ಕಾಣಲಿಲ್ಲ. ಅವರು 1943ರಲ್ಲೇ ತೀರಿಕೊಂಡಿದ್ದರು. ಜೀವಮಾನವಿಡೀ ಕೂಡಿಸಿದ ಅವರ ಭರಣಿಗಳೂ ಎರಡನೆಯ ಮಹಾಯುದ್ಧದಲ್ಲಿ ನಾಶವಾದವು. ಬ್ಲಾಸಿಯ ತೀರ್ಪನ್ನಾದರೆ ಯಾರು ಬೇಕಾದರೂ ಮತ್ತೆ ತೊಟ್ಟಿಯಿಟ್ಟು ಪರೀಕ್ಷಿಸಬಹುದು, ಎರಡೂ ಜಾತಿಗಳು ಇನ್ನೂ ಇವೆ. ಕುನ್ಮಿಂಗಿನದರ ಬಗ್ಗೆ ಸಂಶಯ ಬಂದರೆ ಉಳಿದಿರುವುದು ಬೇರೆ ಕಡೆಯ ಕೆಲವು ಭರಣಿಗಳಷ್ಟೆ.

ಸಂಗ್ರಹಾಲಯದ ಚೀಟಿಗಳಲ್ಲಿ ಪ್ರಾಣಿಯ ಹೆಸರಿನ ಕೆಳಗೆ ಗುರುತಿಸಿದವರ ಹೆಸರನ್ನೂ ಬರೆಯುವ ವಾಡಿಕೆಯಿದೆ. ನಮ್ಮ ಭರಣಿಯ ಹಳೆಯ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತು, ‘ಹಾವುರಾಣಿ’ ಎಂದು ಬರೆದು ಹೊಸದನ್ನು ಅಂಟಿಸಿದೆ. ಕೆಳಗಿನ ಸಾಲಿನಲ್ಲಿ ಆ ಹುಡುಗನ ಹೆಸರು, ತರಗತಿ ಬರೆದೆ. ಅವನ ಅಪ್ಪನಿಗೂ ಒಂದು ಕಾರ್ಡು ಹಾಕಿದೆ.